ಅಂಕಿ ಕೇಳಿದರೆ ಸಾಲದು, ಅಳತೆ ಕೇಳು: ತಾಂಡೇಲನಾಗುವ ಅಳಿಯನಿಗೆ ಮಾವನ ಕಿವಿಮಾತು

ಅಳಿಯಾ,

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆ ಮುಗಿದು ಮಲ್ಪೆಯ ದಕ್ಕೆಯಿಂದ ಬೋಟುಗಳು ಹೊರಡುವಾಗ ಈ ಸಲ ಚುಕ್ಕಾಣಿ ನಿನ್ನ ಕೈಯಲ್ಲಿರುತ್ತದೆ. ಇಷ್ಟು ವರ್ಷ ಕಲಾಸಿಯಾಗಿ ಬಲೆ ಎಳೆದವನು ನೀನು. ಮೀನು ಎಲ್ಲಿ ಮೇಯುತ್ತದೆ, ಅಳಿವೆಯಲ್ಲಿ ಎಂಥ ತೆರೆಗೆ ಬೋಟಿನ ಮೂತಿ ಹೇಗೆ ಹಿಡಿಯಬೇಕು ಎಂಬುದನ್ನು ಕಣ್ಣಲ್ಲೇ ಕಲಿತಿದ್ದೀಯ. ಕಣ್ಣಲ್ಲಿ ಕಲಿಯಲಾಗದ್ದು ಒಂದಿದೆ, ಲೆಕ್ಕ.

ನಿನ್ನ ಮುಂದಿನ ಜಿಪಿಎಸ್ ಬೋಟಿನ ವೇಗವನ್ನು ನಾಟ್‌ನಲ್ಲಿ ತೋರಿಸುತ್ತದೆ. ಹವಾಮಾನ ಇಲಾಖೆ ಗಾಳಿಯನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎನ್ನುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ನೀರಿನ ಓಟವನ್ನು ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎನ್ನುತ್ತದೆ. ಮೊಬೈಲಿನ ಆ್ಯಪ್ ಸೆಕೆಂಡಿಗೆ ಇಷ್ಟು ಮೀಟರ್ ಎಂದೂ ಹೇಳೀತು. ನಾಲ್ವರು ಹೇಳುವುದೂ ನಿಜವೇ. ಆದರೆ ನಾಲ್ಕನ್ನೂ ಒಂದೇ ಅಳತೆಗೆ ತಂದು ಹೋಲಿಸುವ ಕೆಲಸ ತಾಂಡೇಲನದು. ಅದಕ್ಕೆ ಬೇಕಾದ ನಾಲ್ಕು ಮಾತು ಬರೆದಿಟ್ಟಿದ್ದೇನೆ. ವೀಲ್‌ಹೌಸಿನಲ್ಲಿ ಕೈಗೆ ಸಿಗುವ ಕಡೆ ಇಟ್ಟುಕೋ.

• ಅಂಕಿ ಹೇಳಿದವನನ್ನು "ಎಷ್ಟು ಏನು?" ಎಂದು ಕೇಳು. ಒಮ್ಮೆ ನಸುಕಿಗೆ ಹೊರಡುವ ಹೊತ್ತಿನಲ್ಲಿ ನಮ್ಮ ಬೋಟಿನ ಹುಡುಗನೊಬ್ಬ ಮೊಬೈಲ್ ನೋಡಿ "ಗಾಳಿ ಹನ್ನೆರಡೇ ಇದೆ" ಎಂದ. 12 ನಾಟ್ ಗಾಳಿ ನಮಗೆ ಯಾವ ಲೆಕ್ಕ? ಹೊರಟೆವು. ಅವನ ಆ್ಯಪಿನಲ್ಲಿದ್ದದ್ದು ಸೆಕೆಂಡಿಗೆ 12 ಮೀಟರ್. ಎಂದರೆ 23 ನಾಟ್, ಗಂಟೆಗೆ 43 ಕಿಲೋಮೀಟರ್. ಮಧ್ಯಾಹ್ನಕ್ಕೆ ಬಲೆ ಕತ್ತರಿಸಿ ಬಿಟ್ಟು ತಿರುಗಿದೆವು. ಸಂಜೆ ನಾಲ್ಕಕ್ಕೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋದವನು ದಡ ಮುಟ್ಟಿದಾಗ ರಾತ್ರಿ ಹತ್ತು ಗಂಟೆ. ಹುಡುಗ ಓದಿದ ಅಂಕಿಯಲ್ಲಿ ತಪ್ಪಿರಲಿಲ್ಲ. ತಾಂಡೇಲನಾಗಿ "ಹನ್ನೆರಡು ಏನು?" ಎಂದು ಕೇಳಬೇಕಾದವನು ನಾನು, ಕೇಳಲಿಲ್ಲ. ನೀನು ಕೇಳು.

• ನಾಟ್ ಎಂದರೆ ಗಂಟು. ಈ ಹೆಸರು ಬಂದದ್ದು ಹಾಯಿಹಡಗಿನ ಕಾಲದ ಹಗ್ಗದಿಂದ. ಹಗ್ಗದ ತುದಿಗೆ ಮರದ ಹಲಗೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಿನಲ್ಲಿ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಷ್ಟು ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ಕೈದಾಟಿತೋ ಅಷ್ಟು ನಾಟ್ ವೇಗ. ಇದನ್ನೇ ಮೀಟರಿನಲ್ಲಿ ಮಾಡಿ ನೋಡು. 47 ಅಡಿ 3 ಅಂಗುಲವೆಂದರೆ 14.4 ಮೀಟರ್. ಅದನ್ನು 28ರಿಂದ ಭಾಗಿಸಿದರೆ ಸೆಕೆಂಡಿಗೆ 0.514 ಮೀಟರ್. ಇಂದಿನ ಪುಸ್ತಕದಲ್ಲಿ ಒಂದು ನಾಟ್‌ಗೆ ಕೊಟ್ಟಿರುವುದೂ ಇದೇ ಅಂಕಿ.

• "ಗಂಟೆಗೆ ಎಂಟು ನಾಟ್" ಎನ್ನಬೇಡ. ಒಂದು ಗಂಟೆಯಲ್ಲಿ ಒಂದು ನಾಟಿಕಲ್ ಮೈಲು ಹೋಗುವ ವೇಗಕ್ಕೇ ನಾಟ್ ಎಂದು ಹೆಸರು. ಗಂಟೆ ಅದರೊಳಗೇ ಇದೆ. ದೂರ ಹೇಳುವಾಗ ಮೈಲು ಎನ್ನು, ವೇಗ ಹೇಳುವಾಗ ನಾಟ್ ಎನ್ನು. ವೈರ್‌ಲೆಸ್‌ನಲ್ಲಿ ಇವೆರಡು ಅದಲುಬದಲಾದರೆ ಕೇಳುವವನು ನೀನು ಎಷ್ಟು ದೂರದಲ್ಲಿದ್ದೀ ಎಂದು ತಿಳಿಯಬೇಕೋ, ಎಷ್ಟು ಬೇಗ ಬರುತ್ತಿದ್ದೀ ಎಂದು ತಿಳಿಯಬೇಕೋ ಗೊತ್ತಾಗುವುದಿಲ್ಲ.

• ಮೈಲು ಎಲ್ಲಿಂದ ಬಂತೆಂದು ತಿಳಿದರೆ 1.852 ಎಂಬ ಅಂಕಿ ಮರೆಯುವುದಿಲ್ಲ. ಅಕ್ಷಾಂಶದ ಒಂದು ಡಿಗ್ರಿಗೆ 60 ನಿಮಿಷ. ಆ ಒಂದು ನಿಮಿಷದ ದೂರವೇ ನಾಟಿಕಲ್ ಮೈಲು. ಸಮಭಾಜಕ ವೃತ್ತದಿಂದ ಧ್ರುವಕ್ಕೆ 90 ಡಿಗ್ರಿ, ಎಂದರೆ 5,400 ಮೈಲು. ಅತ್ತ ಫ್ರಾನ್ಸಿನವರು ಮೀಟರನ್ನು ಮೊದಲು ಗೊತ್ತುಮಾಡಿದ್ದೂ ಇದೇ ಧ್ರುವದ ದಾರಿಯನ್ನು 10,000 ಕಿಲೋಮೀಟರ್ ಎಂದು ಹಿಡಿದು. 10,000ವನ್ನು 5,400ರಿಂದ ಭಾಗಿಸು, 1.852 ಬರುತ್ತದೆ. ದೇಶಕ್ಕೊಂದು ಮೈಲು ಇದ್ದದ್ದನ್ನು 1929ರಲ್ಲಿ ಮೊನಾಕೊದಲ್ಲಿ ಸೇರಿದ ಸಮ್ಮೇಳನ 1,852 ಮೀಟರ್ ಎಂದು ಒಂದು ಮಾಡಿತು. ಕಡಲಿನ ಮೈಲು, ನೆಲದ ಕಿಲೋಮೀಟರು ಎರಡೂ ಒಂದೇ ಭೂಮಿಯನ್ನು ಅಳೆದು ಬಂದ ಅಳತೆಗಳು, ಅಳಿಯಾ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಕಷ್ಟದ್ದಲ್ಲ.

• ರಸ್ತೆಯ ಮೈಲನ್ನು ಇದರೊಳಗೆ ತರಬೇಡ. ಅದು 1,609 ಮೀಟರ್ ಮಾತ್ರ. ಹಳೆಯ ಜಿಪಿಎಸ್ ತಂದು ಕೂಡಿಸಿದಾಗ ಸೆಟ್ಟಿಂಗ್ ಯಾವ ಮೈಲಿನಲ್ಲಿದೆ ಎಂದು ನೋಡು. ನೂರು ಮೈಲಿಗೆ 24 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ.

• ನಾಟ್‌ನಿಂದ ಕಿಲೋಮೀಟರಿಗೆ: ದುಪ್ಪಟ್ಟು ಮಾಡು, ಪ್ರತಿ ಹತ್ತು ನಾಟ್‌ಗೆ ಒಂದೂವರೆಯಂತೆ ಕಳೆ. 10 ನಾಟ್ ಎಂದರೆ 20ರಲ್ಲಿ ಒಂದೂವರೆ ಹೋಗಿ 18.5. 20 ನಾಟ್ ಎಂದರೆ 40ರಲ್ಲಿ 3 ಹೋಗಿ 37. 8 ನಾಟ್ ಎಂದರೆ 16ರಲ್ಲಿ 1.2 ಹೋಗಿ 14.8. ಕ್ಯಾಲ್ಕುಲೇಟರಿಗೂ ಇದಕ್ಕೂ ಬೋಟು ನಡೆಸುವವನಿಗೆ ತಾಗುವಷ್ಟು ವ್ಯತ್ಯಾಸವಿಲ್ಲ. ಬರೀ ದುಪ್ಪಟ್ಟು ಮಾಡಿ ಬಿಡಬೇಡ, ನೂರಕ್ಕೆ ಎಂಟರಷ್ಟು ಹೆಚ್ಚಾಗುತ್ತದೆ.

• ಇದೇ ಲೆಕ್ಕ ಮಾರಿಗೂ ನಡೆಯುತ್ತದೆ. ಅಜ್ಜನ ಕಾಲದಿಂದ ಆಳವನ್ನು ನಾವು ಮಾರಿನಲ್ಲಿ ಹೇಳುತ್ತೇವೆ. ಆರು ಅಡಿಯ ಒಂದು ಮಾರು 1.83 ಮೀಟರ್, ನಾಟ್‌ನ 1.85ಕ್ಕೆ ಹತ್ತಿರ ಹತ್ತಿರ. 20 ಮಾರು ನೀರು ಎಂದರೆ ಸುಮಾರು 37 ಮೀಟರ್. ಫಿಶ್ ಫೈಂಡರ್ ಮೀಟರಿನಲ್ಲಿ ತೋರಿಸಿದರೂ ಹಿರಿಯರು ಮಾರಿನಲ್ಲಿ ಹೇಳಿದ ಜಾಗ ನಿನಗೆ ಸಿಗುತ್ತದೆ. ಒಂದು ಲೆಕ್ಕ ಕಲಿತರೆ ಎರಡು ಕೆಲಸ.

• ಕಿಲೋಮೀಟರಿನಿಂದ ನಾಟ್‌ಗೆ: ಅರ್ಧ ಮಾಡು, ಆ ಅರ್ಧಕ್ಕೆ ಅದರ ಹನ್ನೆರಡನೆಯ ಒಂದು ಪಾಲು ಸೇರಿಸು. ಗಂಟೆಗೆ 48 ಕಿಲೋಮೀಟರ್ ಗಾಳಿ ಎಂದರೆ ಅರ್ಧ 24, ಅದರ ಹನ್ನೆರಡನೆಯ ಪಾಲು 2, ಒಟ್ಟು 26 ನಾಟ್. 60 ಕಿಲೋಮೀಟರ್ ಎಂದರೆ 30ಕ್ಕೆ ಎರಡೂವರೆ ಸೇರಿ 32.5. ನಿದ್ದೆಗಣ್ಣಿನಲ್ಲಿ ಇದೂ ಆಗದಿದ್ದರೆ ಇಷ್ಟು ನೆನಪಿಡು: 27 ನಾಟ್ ಎಂದರೆ ಸರಿಯಾಗಿ 50 ಕಿಲೋಮೀಟರ್, 54 ನಾಟ್ ಎಂದರೆ 100. ಈ ಎರಡು ಗೂಟ ಗಟ್ಟಿಯಾಗಿದ್ದರೆ ಉಳಿದ ಅಂಕಿಗಳನ್ನು ಅವುಗಳ ನಡುವೆ ಅಂದಾಜು ಮಾಡಬಹುದು.

• ಸೆಕೆಂಡಿಗೆ ಮೀಟರ್ ಎಂದು ಕಂಡರೆ: ದುಪ್ಪಟ್ಟು ಮಾಡಿ ನೂರಕ್ಕೆ ಮೂರು ಕಳೆದರೆ ನಾಟ್. ಸೆಕೆಂಡಿಗೆ 10 ಮೀಟರ್ ಎಂದರೆ 19.4 ನಾಟ್. ಕಿಲೋಮೀಟರ್ ಬೇಕಾದರೆ 3.6ರಿಂದ ಗುಣಿಸು, 10 ಮೀಟರ್ ಎಂದರೆ ಗಂಟೆಗೆ 36 ಕಿಲೋಮೀಟರ್. ಮೂರು ಅಳತೆಗಳಲ್ಲಿ ಅಂಕಿ ಅತ್ಯಂತ ಸಣ್ಣದಾಗಿ ಕಾಣುವುದು ಇದರಲ್ಲೇ. ಮೋಸ ಹೋಗುವ ಭಯ ಹೆಚ್ಚಿರುವುದೂ ಇದರಲ್ಲೇ. ಆ್ಯಪಿನ ಸೆಟ್ಟಿಂಗನ್ನು ನಾಟ್‌ಗೆ ಬದಲಿಸಿ, ಬೋಟಿನ ಎಲ್ಲರ ಮೊಬೈಲಿನಲ್ಲೂ ಹಾಗೇ ಮಾಡಿಸು.

• ವೇಗವನ್ನು ಮೈಗೆ ಗೊತ್ತಿರುವ ವೇಗದ ಜೊತೆ ಕಟ್ಟಿಡು. ಟ್ರಾಲ್ ಬಲೆ ಎಳೆಯುವ 3 ನಾಟ್ ಎಂದರೆ ಗಂಟೆಗೆ ಐದೂವರೆ ಕಿಲೋಮೀಟರ್, ಬಿರುಸಾಗಿ ನಡೆಯುವವನ ವೇಗ. 8 ನಾಟ್ ಎಂದರೆ ಸೈಕಲ್ ತುಳಿಯುವವನ ವೇಗ. 27 ನಾಟ್ ಗಾಳಿ ಎಂದರೆ 50 ಕಿಲೋಮೀಟರಿನಲ್ಲಿ ಓಡುವ ಬಸ್ಸಿನ ಕಿಟಕಿಯಿಂದ ಮುಖ ಹೊರಗಿಟ್ಟಂತೆ. ನಿನ್ನ ಲೆಕ್ಕ ಟ್ರಾಲ್ ಬೋಟಿಗೆ 40 ಕಿಲೋಮೀಟರ್ ವೇಗ ಕೊಟ್ಟರೆ ಎಲ್ಲೋ ಗುಣಿಸಬೇಕಾದಲ್ಲಿ ಎರಡು ಸಲ ಗುಣಿಸಿದ್ದೀ ಎಂದು ಮೈಯೇ ಹೇಳಬೇಕು.

• ಎಚ್ಚರಿಕೆ ಬಂದಾಗ ಅದನ್ನು ಕೂಡಲೇ ನಾಟ್‌ಗೆ ತಂದು ಗೋಡೆಯ ಮೇಲೆ ಬರೆ. "ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಆಗಾಗ 65 ಕಿ.ಮೀ. ವರೆಗೆ" ಎಂಬ ಸಾಲನ್ನು ನೀನು ಎಷ್ಟೋ ಸಲ ಕೇಳಿದ್ದೀಯ. ಅದು 24ರಿಂದ 30 ನಾಟ್, ಬಿರುಸಾದಾಗ 35. ಅಂಥ ಸಾಲು ಬಂದ ದಿನ ಕಡಲಿಗೆ ಇಳಿಯಬೇಡ. ಹೊರಗಿದ್ದರೆ ತಿರುಗು.

• ಚಂಡಮಾರುತದ ಮೆಟ್ಟಿಲುಗಳನ್ನು ಎರಡೂ ಅಳತೆಯಲ್ಲಿ ಬಾಯಿಪಾಠ ಮಾಡು. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ 17 ನಾಟ್, ಎಂದರೆ 31 ಕಿಲೋಮೀಟರ್ ಮುಟ್ಟಿದರೆ ವಾಯುಭಾರ ಕುಸಿತ. 28 ನಾಟ್, 50ರ ಹೊತ್ತಿಗೆ ತೀವ್ರ ವಾಯುಭಾರ ಕುಸಿತ. 34 ನಾಟ್, 62 ಮುಟ್ಟಿದರೆ ಚಂಡಮಾರುತ ಎಂದು ಅದಕ್ಕೊಂದು ಹೆಸರು ಬೀಳುತ್ತದೆ. 48 ನಾಟ್, 89ಕ್ಕೆ ತೀವ್ರ ಚಂಡಮಾರುತ. 64 ನಾಟ್, 118ಕ್ಕೆ ಅತಿ ತೀವ್ರ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಹೊರಗಿನಿಂದಲೇ ಬಡಗಕ್ಕೆ ಸಾಗಿ ಗುಜರಾತಿನಲ್ಲಿ ದಡ ಹತ್ತಿತು. ಹೊರಗಿನಿಂದ ಹೋದದ್ದೇ ನಮ್ಮ ತೀರವನ್ನು ಎಷ್ಟು ಕೊರೆಯಿತು ಎಂದು ನೀನೇ ಕಂಡಿದ್ದೀಯ. ಟಿ.ವಿ.ಯಲ್ಲಿ ಒಂದು ಅಳತೆ, ವೈರ್‌ಲೆಸ್‌ನಲ್ಲಿ ಇನ್ನೊಂದು ಅಳತೆ ಬಂದಾಗ "ಗಾಳಿ ಇಳಿಯಿತು" ಎಂದು ತಿಳಿಯುವವರಿದ್ದಾರೆ. ಬೆಳಿಗ್ಗೆ 65 ಎಂದು ಕೇಳಿ ಸಂಜೆ 40 ಎಂದು ಕೇಳಿದರೆ ಇಳಿದಿರಲೂಬಹುದು. ಆದರೆ ಮೊದಲನೆಯದು ಕಿಲೋಮೀಟರ್, ಎರಡನೆಯದು ನಾಟ್ ಆಗಿದ್ದರೆ ಗಾಳಿ 65ರಿಂದ 74ಕ್ಕೆ ಏರಿದೆ.

• ಗಾಳಿಯ ಅಂಕಿ ದುಪ್ಪಟ್ಟಾದರೆ ಪೆಟ್ಟು ದುಪ್ಪಟ್ಟಲ್ಲ, ನಾಲ್ಕು ಪಾಲು. ವೇಗವನ್ನು ವೇಗದಿಂದಲೇ ಗುಣಿಸಿದಂತೆ ಗಾಳಿಯ ಒತ್ತಡ ಏರುತ್ತದೆ. 55 ನಾಟ್ ಗಾಳಿಯನ್ನು 55 ಕಿಲೋಮೀಟರ್ ಎಂದು ಓದಿದವನು ವೇಗದಲ್ಲಿ ಅರ್ಧದಷ್ಟು ತಪ್ಪಿದ, ಆದರೆ ಬೋಟಿನ ಮೇಲೆ ಬೀಳುವ ಬಲದಲ್ಲಿ ಸುಮಾರು ಮೂರೂವರೆ ಪಾಲು ತಪ್ಪಿದ. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ತಪ್ಪು ಕಡಲಿನಲ್ಲಿ ಸಣ್ಣದಾಗಿರುವುದಿಲ್ಲ.

• ನೀರಿನ ಓಟಕ್ಕೆ ಸುಲಭ ಲೆಕ್ಕ: ಸೆಕೆಂಡಿಗೆ 50 ಸೆಂಟಿಮೀಟರ್ ಎಂದರೆ ಒಂದು ನಾಟ್. ಇನ್‌ಕಾಯ್ಸ್ 75 ಎಂದರೆ ಒಂದೂವರೆ, 100 ಎಂದರೆ ಹತ್ತಿರ ಹತ್ತಿರ ಎರಡು. ಎಂಟು ನಾಟ್ ಹೋಗುವ ಬೋಟಿಗೆ ಒಂದೂವರೆ ನಾಟ್ ನೀರು ಎದುರಾದರೆ ಜಿಪಿಎಸ್ ಆರೂವರೆ ತೋರಿಸುತ್ತದೆ, ಗಂಟೆಗೆ 12 ಕಿಲೋಮೀಟರ್. 60 ಮೈಲು ದೂರದ ದಡಕ್ಕೆ ಏಳೂವರೆ ಗಂಟೆ ಎಂದು ಲೆಕ್ಕ ಹಾಕಿದ್ದರೆ ಒಂಬತ್ತು ಗಂಟೆಯ ಮೇಲೆ ಹಿಡಿಯುತ್ತದೆ. ಡೀಸೆಲ್ ಕೂಡ ಅಷ್ಟು ಹೊತ್ತು ಉರಿಯಬೇಕು. ಒಂದು ಮಾತು: ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ನೀರಿನ ಓಟ ಅದರಲ್ಲಿ ಆಗಲೇ ಸೇರಿದೆ. ಮತ್ತೊಮ್ಮೆ ಕಳೆಯಬೇಡ.

• ದೂರವೂ ವೇಗವೂ ಒಂದೇ ಮನೆಯವಾಗಿರಲಿ. ಮೀನು ಸಿಗಬಹುದಾದ ಜಾಗದ ಮಾಹಿತಿಯಲ್ಲಿ ದೂರ ಕಿಲೋಮೀಟರಿನಲ್ಲಿ ಬರುತ್ತದೆ, ನಿನ್ನ ವೇಗ ನಾಟ್‌ನಲ್ಲಿದೆ. 60 ಕಿಲೋಮೀಟರನ್ನು 8ರಿಂದ ಭಾಗಿಸಿ ಏಳೂವರೆ ಗಂಟೆ ಎನ್ನಬೇಡ. ಮೊದಲು 60 ಕಿಲೋಮೀಟರನ್ನು 32 ಮೈಲು ಮಾಡು, ಆಮೇಲೆ ಭಾಗಿಸು, ನಾಲ್ಕು ಗಂಟೆ ಬರುತ್ತದೆ. ಇದರ ತಿರುವುಮುರುವಿನ ತಪ್ಪು ಇನ್ನೂ ಕೆಟ್ಟದ್ದು. 60 ಮೈಲನ್ನು ಗಂಟೆಗೆ 15 ಕಿಲೋಮೀಟರಿನಿಂದ ಭಾಗಿಸಿದರೆ ನಾಲ್ಕೇ ಗಂಟೆ ಎನಿಸುತ್ತದೆ, ನಿಜವಾಗಿ ಬೇಕಾದದ್ದು ಏಳೂವರೆ. ಬಿರುಗಾಳಿ ಐದು ಗಂಟೆಯಲ್ಲಿ ಬರುತ್ತದೆ ಎಂದು ತಿಳಿದ ದಿನ ಈ ತಪ್ಪು ಮಾಡಿದವನು ದಾರಿಯ ನಡುವೆ ಸಿಕ್ಕಿಬೀಳುತ್ತಾನೆ.

• ನಕ್ಷೆಯಲ್ಲಿ ದೂರವನ್ನು ಪಕ್ಕದ ಅಂಚಿನಲ್ಲಿ ಅಳೆ, ಕೆಳಗಿನ ಅಂಚಿನಲ್ಲಿ ಬೇಡ. ಪಕ್ಕದ್ದು ಅಕ್ಷಾಂಶ, ಅದರ ಒಂದು ನಿಮಿಷವೇ ಒಂದು ಮೈಲು. ಕೆಳಗಿನದು ರೇಖಾಂಶ. ಧ್ರುವದ ಕಡೆ ಹೋದಂತೆ ಅದರ ನಿಮಿಷ ಕಿರಿದಾಗುತ್ತದೆ. ಮಲ್ಪೆ ಇರುವ 13 ಡಿಗ್ರಿಯ ಆಸುಪಾಸಿನಲ್ಲಿ ವ್ಯತ್ಯಾಸ ನೂರಕ್ಕೆ ಎರಡು ಮೂರು ಮಾತ್ರ. 60 ಡಿಗ್ರಿಗೆ ಹೋದರೆ ಅದು ಅರ್ಧವೇ ಆಗುತ್ತದೆ. ನಾಳೆ ನೀನು ದೊಡ್ಡ ಹಡಗು ಹತ್ತಿ ದೂರದ ಕಡಲಿಗೆ ಹೋದರೂ ಈ ಅಭ್ಯಾಸ ಕಾಯುತ್ತದೆ.

• ಜಿಪಿಎಸ್‌ನ ಚುಕ್ಕಿಯನ್ನು ಸೆಕೆಂಡ್ ಎಂದು ಓದಬೇಡ. 13 ಡಿಗ್ರಿ 21.30 ನಿಮಿಷ ಬೇರೆ, 13 ಡಿಗ್ರಿ 21 ನಿಮಿಷ 30 ಸೆಕೆಂಡ್ ಬೇರೆ. ಎರಡಕ್ಕೂ ನಡುವೆ 370 ಮೀಟರ್ ಇದೆ. ಬಲೆ ಹರಿಯುವ ಕಲ್ಲಿನ ಜಾಗವನ್ನು ಇನ್ನೊಂದು ಬೋಟಿನವರಿಗೆ ಹೇಳುವಾಗ 370 ಮೀಟರ್ ತಪ್ಪಿದರೆ ಹೇಳದೇ ಇರುವುದೇ ಮೇಲು.

• ರಾತ್ರಿ ಹಡಗಿನ ದೀಪ ಕಂಡರೆ ನಿಮಿಷದ ಲೆಕ್ಕ ಹಾಕು. ಒಂದು ನಾಟ್ ಎಂದರೆ ನಿಮಿಷಕ್ಕೆ 31 ಮೀಟರ್. ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುವ ಹಡಗು 15 ನಾಟ್‌ನಲ್ಲಿ ಎದುರಿಗೆ ಬರುತ್ತಿದೆ, ನೀನು 8ರಲ್ಲಿ ಹೋಗುತ್ತಿದ್ದೀ ಎಂದಿಟ್ಟುಕೋ. ನಡುವಿನ ದೂರ ಕರಗುವ ವೇಗ 23 ನಾಟ್, ನಿಮಿಷಕ್ಕೆ 700 ಮೀಟರಿಗೂ ಹೆಚ್ಚು. ಮೂರು ಮೈಲು ದೂರ ಎಂದರೆ ಎಂಟು ನಿಮಿಷವೂ ಇಲ್ಲ. "ಇನ್ನೂ ದೂರ ಇದೆ" ಎಂದು ಕಣ್ಣು ಹೇಳುತ್ತದೆ, ನೀನು ಲೆಕ್ಕದ ಮಾತು ಕೇಳು.

• ಯಂತ್ರ ಕೈಕೊಟ್ಟ ದಿನಕ್ಕೆ ಹಗ್ಗದ ಕಾಲದ ಉಪಾಯ ಇಟ್ಟುಕೋ. ಬೋಟಿನ ಬದಿಯಲ್ಲಿ 10 ಮೀಟರ್ ಅಂತರಕ್ಕೆ ಎರಡು ಗುರುತು ಬಳಿ. ಮುಂದಿನ ಗುರುತಿನ ಬಳಿ ಮರದ ಚೂರು ನೀರಿಗೆ ಹಾಕಿಸು, ಹಿಂದಿನ ಗುರುತಿಗೆ ಬರಲು ಎಷ್ಟು ಸೆಕೆಂಡ್ ಎಂದು ಎಣಿಸು. ಎರಡೂವರೆ ಸೆಕೆಂಡ್ ಆದರೆ ಸೆಕೆಂಡಿಗೆ 4 ಮೀಟರ್, ದುಪ್ಪಟ್ಟು ಮಾಡಿ ಸ್ವಲ್ಪ ಕಳೆದರೆ 7.8 ನಾಟ್. ಒಂದೇ ಸಲಕ್ಕೆ ನಂಬಬೇಡ, ಮೂರು ಸಲ ಮಾಡಿ ಸರಾಸರಿ ಹಿಡಿ. ಇದು ನೀರಿನಲ್ಲಿನ ವೇಗ, ನೀರೇ ಓಡುತ್ತಿದ್ದರೆ ಅದನ್ನು ಬೇರೆಯಾಗಿ ಕೂಡಿಸಬೇಕು ಅಥವಾ ಕಳೆಯಬೇಕು. ಜಿಪಿಎಸ್ ಸರಿಯಿರುವ ದಿನವೇ ಇದನ್ನು ಮಾಡಿ ನೋಡಿ ಕೈ ಪಳಗಿಸಿಕೋ.

• ಅಂಕಿ ಉರುಟು ಮಾಡುವಾಗ ಜೀವ ಉಳಿಯುವ ಕಡೆಗೆ ಮಾಡು. ಗಾಳಿಯನ್ನು ಮೇಲಕ್ಕೆ ಹಿಡಿ, ನಿನ್ನ ವೇಗವನ್ನು ಕೆಳಕ್ಕೆ ಹಿಡಿ. ಗಾಳಿ 29.7 ಬಂದರೆ 30 ಎನ್ನು. ಬೋಟು 7.8 ಹೋದರೆ ಏಳೂವರೆ ಎನ್ನು. ಲೆಕ್ಕದ ನಡುವೆ ಉರುಟು ಮಾಡಬೇಡ, ಕೊನೆಯಲ್ಲಿ ಒಂದೇ ಸಲ ಮಾಡು.

• ಗಡಿಯ ಅಂಕಿಗಳೂ ತಲೆಯಲ್ಲಿರಲಿ. 12 ಮೈಲಿನ ಪ್ರಾದೇಶಿಕ ಜಲ ಎಂದರೆ 22 ಕಿಲೋಮೀಟರ್ ದಾಟಿ ಸ್ವಲ್ಪ. 200 ಮೈಲಿನ ಆರ್ಥಿಕ ವಲಯ ಎಂದರೆ 370 ಕಿಲೋಮೀಟರ್. ಕಾನೂನು ಮೈಲಿನಲ್ಲಿ ಮಾತಾಡುತ್ತದೆ, ಪತ್ರಿಕೆ ಕಿಲೋಮೀಟರಿನಲ್ಲಿ ಬರೆಯುತ್ತದೆ.

• ಆಪತ್ತಿನ ಕರೆಯಲ್ಲಿ ಪ್ರತಿ ಅಂಕಿಗೂ ಅಳತೆ ಸೇರಿಸಿ ಹೇಳು. ವಿಎಚ್‌ಎಫ್ ಚಾನೆಲ್ 16 ಇರಲಿ, ಕೋಸ್ಟ್ ಗಾರ್ಡಿನ 1554 ಇರಲಿ, "ಮಲ್ಪೆಯಿಂದ ಪಡುವಕ್ಕೆ 30" ಎಂದರೆ ಸಾಲದು. "30 ನಾಟಿಕಲ್ ಮೈಲು" ಎನ್ನು. ಮೈಲೋ ಕಿಲೋಮೀಟರೋ ತಿಳಿಯದಿದ್ದರೆ ಹುಡುಕುವವರು 25 ಕಿಲೋಮೀಟರ್ ಆಚೀಚೆ ಅಲೆಯಬೇಕಾಗುತ್ತದೆ. ಅಕ್ಷಾಂಶ ರೇಖಾಂಶವನ್ನು ಎರಡು ಸಲ ಹೇಳು, ಅವರು ತಿರುಗಿ ಹೇಳುವವರೆಗೆ ಕಾಯಿ.

• ಈ ಲೆಕ್ಕವನ್ನು ಕಲಾಸಿಗಳಿಗೂ ಕಲಿಸು. ಸಂಜೆ ದಡಕ್ಕೆ ಬರುವ ಹೊತ್ತಿನಲ್ಲಿ ಜಿಪಿಎಸ್ ತೋರಿಸಿ "ಇದು ಎಷ್ಟು ಕಿಲೋಮೀಟರ್?" ಎಂದು ಒಬ್ಬೊಬ್ಬರನ್ನೂ ಕೇಳು. ಒಂದು ತಿಂಗಳಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ನಿನಗೆ ಜ್ವರ ಬಂದು ಮಲಗಿದ ದಿನ ಇನ್ನೊಬ್ಬ ಚುಕ್ಕಾಣಿ ಹಿಡಿಯಬೇಕು. ನಿನ್ನ ಲೆಕ್ಕ ತಪ್ಪಿದ ದಿನ ಇನ್ನೊಬ್ಬ ತಿದ್ದಬೇಕು. "ತಾಂಡೇಲ, ಆ ಹನ್ನೆರಡು ನಾಟ್ ಅಲ್ಲ" ಎಂದು ಹೇಳುವ ಧೈರ್ಯ ಅತಿ ಸಣ್ಣ ಹುಡುಗನಿಗೂ ಇರುವಂತೆ ಬೋಟನ್ನು ನಡೆಸು.

• ಮನೆಗೆ ಹೇಳುವಾಗ ಗಂಟೆಯಲ್ಲಿ ಹೇಳು. ನಾಟ್, ಕಿಲೋಮೀಟರ್, ಮೀಟರ್ ಎಲ್ಲ ವೀಲ್‌ಹೌಸಿಗೆ. ನಿನ್ನ ಅಮ್ಮನಿಗೆ ಬೇಕಾದದ್ದು ನೀನು ಎಷ್ಟು ಗಂಟೆಗೆ ಬರುತ್ತೀ ಎಂಬ ಒಂದೇ ಉತ್ತರ. ನಾನು ಆ ರಾತ್ರಿ ಹತ್ತಕ್ಕೆ ಬಂದಾಗ ನಿನ್ನ ಅತ್ತೆ ನಾಲ್ಕು ಗಂಟೆಯಿಂದ ದಕ್ಕೆಯಲ್ಲೇ ನಿಂತಿದ್ದಳು, ಕೈಯಲ್ಲಿ ಕೊಡೆ, ಕಾಲ ಬುಡದಲ್ಲಿ ಬುತ್ತಿ ಚೀಲ. ಆರು ಗಂಟೆ ಅವಳು ಕಾದದ್ದು ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆಗಾಗಿ. ದೂರವನ್ನು ಮೈಲಿಗೆ ತಂದು, ನೀರು ಎದುರಿದ್ದರೆ ವೇಗದಲ್ಲಿ ಕಳೆದು, ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಸೇರಿಸಿ ಅಮ್ಮನಿಗೆ ಹೇಳು. ಹೇಳಿದ ಹೊತ್ತಿಗಿಂತ ಮೊದಲೇ ಬಂದು ಮುಟ್ಟು.

ನಿನ್ನ ಮಾವ